ಎತ್ತಿ ಕಟ್ಟಿದ ತಂತಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಅನ್ನುತ್ತಿದ್ದರು. ಕಿವಿ ದೊಡ್ಡದಿತ್ತು ಅಂತಲ್ಲ. ವಾದ್ಯದಂಗಡಿಯ ಹಿಂದಿನ ರೂಮಿನಲ್ಲಿ ಬೆನ್ನು ಹಾಕಿ ಕೂತಿದ್ದರೂ, ಮುಂದುಗಡೆ ಯಾರಾದರೂ ಗಿಟಾರ್ ಎತ್ತಿಕೊಂಡು ಒಂದು ತಂತಿ ಮೀಟಿದರೆ ಸಾಕು, ಅಲ್ಲಿಂದಲೇ ಕೂಗುತ್ತಿದ್ದಳು: "ಮೂರನೇ ತಂತಿ ಜಿರ್ ಅಂತಿದೆ, ಇಲ್ಲಿ ಕೊಡಿ ಅದನ್ನ." ಕೊಳ್ಳಲು ಬಂದವರು ಬೆಚ್ಚಿ ಬೀಳುತ್ತಿದ್ದರು. ಗಲ್ಲಾದ ಮೇಲೆ ಕೂತ ಅಣ್ಣ ಮಾತ್ರ ಹುಳ್ಳಗೆ ನಗುತ್ತಿದ್ದ. ಗಿರಾಕಿಯ ಎದುರಿಗೆ ಮಾಲಿನ ಹುಳುಕು ಎತ್ತಿ ಆಡುವ ತಂಗಿ ಯಾವ ವ್ಯಾಪಾರಿಗೆ ತಾನೆ ಇಷ್ಟವಾಗುತ್ತಾಳೆ?

ಅಂಗಡಿ ಅಪ್ಪನದು. ಅಪ್ಪ ರಿಪೇರಿ ಮಾಡುತ್ತಿದ್ದ. ಮಾರುವುದು ಅವನಿಗೆ ಎರಡನೇ ಕೆಲಸ. ಮಗನಿಗೆ ಮರದ ಪುಡಿ ಮೂಗಿಗೆ ಹೋದರೆ ಸೀನು ಬರುತ್ತಿತ್ತು, ಅವನು ಮುಂದೆ ಕೂತ. ಮಗಳು ಅಪ್ಪನ ಬೆಂಚಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತವಳು ಏಳಲೇ ಇಲ್ಲ. ಮದುವೆಯ ಮಾತು ಒಂದೆರಡು ಸಲ ಬಂದು, ಹಾಗೇ ಹೋಯಿತು. ಅಪ್ಪ ಹೋದ ಮೇಲೆ ಬೆಂಚು ಅವಳದಾಯಿತು, ಅಂಗಡಿ ಅಣ್ಣನದಾಯಿತು, ಅಂಗಡಿಯ ಮೇಲಿನ ಮನೆ ಅಣ್ಣ ಅತ್ತಿಗೆಯರದಾಯಿತು. ಆ ಮನೆಯ ಮೂಲೆಯ ಕೋಣೆಯಲ್ಲಿ ಅವಳಿದ್ದಳು.

ಒಂದು ಸಂಕಟ ಮಾತ್ರ ಅವಳು ಯಾರಿಗೂ ಹೇಳಿಕೊಂಡವಳಲ್ಲ. ಅವಳಿಗೆ ನುಡಿಸಲು ಬರುತ್ತಿರಲಿಲ್ಲ. ಸರಿಯಾಗಿದೆಯೋ ಇಲ್ಲವೋ ನೋಡಲು ಬೇಕಾದಷ್ಟು ಮೀಟುತ್ತಿದ್ದಳು, ಅಷ್ಟೆ. ಚಿಕ್ಕವಳಿದ್ದಾಗ ಕಲಿಯಲು ಕೂತಳು. ಅಪ್ಪ ಸ್ವಲ್ಪ ದಿನ ನೋಡಿ, "ನಿನಗೆ ಕಿವಿ ಇದೆ ಮಗಳೇ, ಕೈ ಇಲ್ಲ," ಅಂದುಬಿಟ್ಟ. ಬೇಜಾರಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಅದನ್ನು ನಂಬಿದಳು. ಅದೇ ದಿನ, ಅದೇ ಬೆಂಚಿನ ಹತ್ತಿರ, ಜೊತೆಗೆ ಬಂದಿದ್ದ ಗೆಳತಿ ಸುಮ್ಮನೆ ಏನೋ ಗುನುಗಿದ್ದಕ್ಕೆ ಅಪ್ಪ ಕೆಲಸ ನಿಲ್ಲಿಸಿ, "ಈ ಹುಡುಗಿಗೆ ಕಂಠ ಇದೆ ನೋಡು," ಅಂದಿದ್ದ. ಅದನ್ನೂ ಅವಳು ಮರೆತಿರಲಿಲ್ಲ.

ಆ ಗೆಳತಿಯೇ ಗುಂಡಿ. ಶಾಲೆಯಲ್ಲಿ ಗುಂಡಗೆ ಇದ್ದಳು ಅಂತ ಇಟ್ಟ ಹೆಸರು. ಮುಂದೆ ಅವಳು ಟೈಲರ್ ಆದಳು. "ನೀವೆಲ್ಲ ಇಟ್ಟ ಹೆಸರಿಗೆ ಅರ್ಥ ಬರಲಿ ಅಂತ ಹೊಲಿಗೆ ಕಲಿತೆ ಕಣೇ," ಅಂತ ತಾನೇ ನಗುತ್ತಿದ್ದಳು. ಸೇತುವೆಯ ಆಚೆ ಬದಿಗೆ ಅವಳ ಅಂಗಡಿ: ಒಂದು ಮಿಷನ್ನು, ಒಂದು ಉದ್ದ ಮೇಜು, ಒಳಬಾಗಿಲಿಗೆ ಅಡ್ಡ ಕಟ್ಟಿದ ಪರದೆ. ಪರದೆಯ ಹಿಂದೆ ಮಂಚ, ಮಂಚದ ಮೇಲೆ ಅಮ್ಮ. ಅಮ್ಮ ಮಲಗಿದ್ದು ವರ್ಷಗಟ್ಟಲೆ. ಗುಂಡಿ ಒಂದು ಕಾಲಿನಲ್ಲಿ ಮಿಷನ್ನು ತುಳಿಯುತ್ತ, ಒಂದು ಕಿವಿ ಪರದೆಯ ಕಡೆಗೆ ಇಟ್ಟುಕೊಂಡು, ವಯಸ್ಸನ್ನೆಲ್ಲ ಅಲ್ಲೇ ಕಳೆದಳು. ವಾರಕ್ಕೊಮ್ಮೆ ಕಿವಿಯಕ್ಕ ಹೋಗಿ ಕೂರುತ್ತಿದ್ದಳು. ಅವಳ ಬಟ್ಟೆಯೆಲ್ಲ ಹೊಲಿಯುತ್ತಿದ್ದವಳೂ ಗುಂಡಿಯೇ. ಬೆಂಚಿನ ಮೇಲೆ ಬಾಗಿ ಬಾಗಿ ಒಂದು ಭುಜ ತಗ್ಗಿದೆಯೆಂದು ಗೊತ್ತಿದ್ದು, ಯಾರ ಕಣ್ಣಿಗೂ ಬೀಳದ ಹಾಗೆ ಹೊಂದಿಸಿ ಹೊಲಿಯುತ್ತಿದ್ದಳು.

ಅಣ್ಣ ಹೊಸ ಕಾರ್ಖಾನೆಯೊಂದರಿಂದ ಗಿಟಾರುಗಳ ದೊಡ್ಡ ಲೋಡು ತರಿಸಿದ್ದು ಗುಂಡಿಯ ಅಮ್ಮ ತೀರಿಕೊಂಡ ವರ್ಷವೇ. ಕನ್ನಡಿಯ ಹಾಗೆ ಹೊಳೆಯುವ ಮಾಲು. ಪೆಟ್ಟಿಗೆ ಬಿಚ್ಚಿದಾಗ ಅತ್ತಿಗೆ ಕೂಡ ಮೇಲಿನಿಂದ ಇಳಿದು ಬಂದು, "ಎಷ್ಟು ಚೆನ್ನಾಗಿದೆ ರೀ," ಅಂತ ಅದರಲ್ಲಿ ಮುಖ ನೋಡಿಕೊಂಡಳು. ಕಿವಿಯಕ್ಕ ಒಂದನ್ನು ಬೆಂಚಿಗೆ ತಂದು, ಸ್ವರಕ್ಕೆ ತಂತಿ ಬಿಗಿದು, ಮೀಟಿದಳು. ಜಿರ್ರ್. ಪಕ್ಕದ ತಂತಿ. ಜಿರ್ರ್. ಬಾಟಲಿಯೊಳಗೆ ನೊಣ ಸಿಕ್ಕಿಬಿದ್ದ ಹಾಗೆ.

ಮೊದಮೊದಲಿಗೆ ಅವಳಿಗೆ ಗಾಬರಿಯೇನೂ ಆಗಲಿಲ್ಲ. ಹೊಸ ಗಿಟಾರು ಜಿರ್ ಅನ್ನುವುದು ಹೊಸ ಚಪ್ಪಲಿ ಕಚ್ಚಿದ ಹಾಗೆ. ಯಾವುದು ಎಲ್ಲಿ ಅಂತ ನೋಡಿ ಸರಿಮಾಡಿದರೆ ಮುಗಿಯಿತು. ಅವಳಿಗೆ ಅದಕ್ಕೊಂದು ಕ್ರಮವಿತ್ತು. ತಂತಿಯನ್ನು ಒತ್ತದೆ ಮೀಟಿದಾಗ ಮಾತ್ರ ಜಿರ್ ಅಂದರೆ, ಮೇಲುಗಡೆ ತಂತಿ ಕೂರುವ ಕಚ್ಚು ಆಳವಾಗಿದೆ ಅಂತ ಅರ್ಥ. ಒಂದೇ ಕಡೆ ಒತ್ತಿದಾಗ ಮಾತ್ರ ಅಂದರೆ, ಕತ್ತಿನ ಮೇಲಿನ ಮುಂದಿನ ಲೋಹದ ಪಟ್ಟಿ ಸ್ವಲ್ಪ ಎದ್ದು ಕೂತಿದೆ. ಪಟ್ಟಿಗಳ ನಡುವಿನ ಮೊದಲ ಕೆಲವು ಮನೆಗಳಲ್ಲಿ ಎಲ್ಲಾ ತಂತಿಯೂ ಜಿರ್ ಅಂದರೆ, ಗಿಟಾರಿನ ಕತ್ತು ಹಿಂದಕ್ಕೆ ಬಾಗಿದೆ. ತಂತಿ ನಡುಗುವುದಕ್ಕೆ ಜಾಗ ಬೇಕಲ್ಲ, ಕತ್ತು ಕೂದಲೆಳೆಯಷ್ಟಾದರೂ ಮುಂದಕ್ಕೆ ಬಾಗಿರಬೇಕು.

ಅವಳು ತಂತಿಯನ್ನು ಮೊದಲ ಮನೆಯಲ್ಲೊಂದು ಬೆರಳು, ಕತ್ತು ಒಡಲಿಗೆ ಸೇರುವಲ್ಲಿ ಒಂದು ಬೆರಳು ಇಟ್ಟು ಒತ್ತಿ ಹಿಡಿದಳು. ಎರಡು ಕಡೆ ಒತ್ತಿದ ತಂತಿ ಸ್ಕೇಲಿನ ಹಾಗೆ ನೇರ ನಿಲ್ಲುತ್ತದೆ. ನಡುವೆ ಅದರ ಕೆಳಗೆ ಬೆಳಕು ಕಾಣಬೇಕು. ಕಾಣಲಿಲ್ಲ. ಕತ್ತಿನೊಳಗೆ ಹುದುಗಿಸಿದ ಕಬ್ಬಿಣದ ಸರಳನ್ನು ಕೀಲಿಯಿಂದ ಸ್ವಲ್ಪ ಸಡಿಲಿಸಿದಳು. ಬೆಳಕು ಬಂತು. ಜಿರ್ ನಿಂತಿತು. ಸರಿ ಅಂತ ಗೋಡೆಗೆ ನೇತುಹಾಕಿ ಊಟಕ್ಕೆ ಹೋದಳು.

ಮರುದಿನ ಅದೇ ಗಿಟಾರು ಮತ್ತೆ ಜಿರ್ ಅಂದಿತು. ಈ ಸಲ ಬೇರೆ ಜಾಗದಲ್ಲಿ, ಅದೂ ತೆಳು ತಂತಿಗಳ ಕಡೆ ಮಾತ್ರ.

ಅವಳು ಗಿಟಾರನ್ನು ಬಂದೂಕಿನ ಹಾಗೆ ಕಣ್ಣಿಗೆ ಹಿಡಿದು ಕತ್ತಿನ ಉದ್ದಕ್ಕೂ ನೋಡಿದಳು. ಆಗ ಕಂಡಿತು. ಕತ್ತು ಬಾಗಿದ್ದಲ್ಲ, ತಿರುಚಿತ್ತು. ಹಿಂಡಿ ಬಿಟ್ಟ ಬಟ್ಟೆಯಂತೆ ಒಂದು ಅಂಚು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಬಾಗಿದ್ದನ್ನು ಸರಳು ತಿದ್ದುತ್ತದೆ, ತಿರುಚಿದ್ದನ್ನು ಯಾವ ಸರಳೂ ತಿದ್ದುವುದಿಲ್ಲ. ಇನ್ನೊಂದು ಗಿಟಾರು ಇಳಿಸಿದಳು. ಮತ್ತೊಂದು. ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ, ಎಲ್ಲದರದ್ದೂ ಅದೇ ಕಥೆ. ಮರ ಒಣಗುವ ಮೊದಲೇ ಕತ್ತರಿಸಿ, ಕೆತ್ತಿ, ಮೇಲೆ ಪಾಲಿಷ್ ಬಳಿದು ಕಳಿಸಿದ್ದರು. ಅದು ಈಗ ಅಂಗಡಿಯ ಗೋಡೆಯ ಮೇಲೆ ತನ್ನಷ್ಟಕ್ಕೆ ಒಣಗುತ್ತಾ ಹೊರಳಾಡುತ್ತಿತ್ತು.

"ಅಣ್ಣಾ, ಇದು ಹಸಿ ಮರ. ಎಲ್ಲಾ ವಾಪಸ್ ಕಳಿಸು," ಅಂದಳು.

ಅಣ್ಣ ತಲೆ ಎತ್ತಲಿಲ್ಲ. "ವಾಪಸ್ ಅನ್ನೋ ಮಾತೇ ಇಲ್ಲ. ಹಾಗೆ ಒಪ್ಪಿಕೊಂಡೇ ತರಿಸಿರೋದು."

"ಹಾಗಾದ್ರೆ ಇದನ್ನೆಲ್ಲ ತಿಂಗಳುಗಟ್ಟಲೆ ಸುಮ್ನೆ ಇಡಬೇಕು. ಮರ ನಿಂತ ಮೇಲೆ ಪಟ್ಟಿಗಳನ್ನೆಲ್ಲ ಕಿತ್ತು, ಕತ್ತಿನ ಮೇಲಿನ ಹಲಗೆ ಹೆರೆದು ಮಟ್ಟ ಮಾಡಿ, ಮತ್ತೆ ಪಟ್ಟಿ ಕೂರಿಸಬೇಕು. ಒಂದೊಂದಕ್ಕೂ ವಾರ ಹಿಡಿಯುತ್ತೆ."

"ನೋಡಮ್ಮ," ಅಂದ ಅಣ್ಣ. ಅವನು ನೋಡಮ್ಮ ಅಂದರೆ ಮಾತು ಮುಗಿಯಿತು ಅಂತ ಲೆಕ್ಕ. "ಗಿರಾಕಿ ಬರ್ತಾನೆ, ಮೀಟಿ ನೋಡ್ತಾನೆ. ಜಿರ್ ಅನ್ನಬಾರದು. ನನಗೆ ಬೇಕಾಗಿರೋದು ಅಷ್ಟೆ. ತಂತಿ ಎತ್ತಿ ಕಟ್ಟು."

ಎತ್ತಿ ಕಟ್ಟುವುದು ಅಂದರೆ ಏನೆಂದು ಅವಳಿಗೆ ಬೇರೆ ಹೇಳಬೇಕಿರಲಿಲ್ಲ. ಕೆಳಗಡೆ ತಂತಿಯನ್ನು ಹೊರುವ ಬಿಳಿ ಕಟ್ಟೆಯ ಅಡಿಗೆ ಒಂದು ಚೂರು ತುರುಕಿದರೆ ತಂತಿಗಳೆಲ್ಲ ಮೇಲೇಳುತ್ತವೆ. ಕತ್ತು ಹೇಗಾದರೂ ತಿರುಚಿರಲಿ, ತಂತಿ ಅದಕ್ಕೆ ತಾಗುವುದೇ ಇಲ್ಲ. ಜಿರ್ ಮಾಯ. ಆದರೆ ಅಷ್ಟೆತ್ತರದ ತಂತಿಯನ್ನು ಬೆರಳು ಒತ್ತಿ ಕೆಳಗೆ ತರಬೇಕಲ್ಲ! ಪಳಗಿದ ಕೈಗೇ ಕಷ್ಟ. ಹೊಸಬರಿಗಂತೂ ಚಾಕುವಿನ ಅಲುಗನ್ನು ಒತ್ತಿದ ಹಾಗೆ. ಅಪ್ಪ ಇದ್ದಾಗ ಆ ಕೆಲಸಕ್ಕೆ ಬೆಂಚಿನಲ್ಲಿ ಜಾಗವಿರಲಿಲ್ಲ.

"ಕಲಿಯೋರ ಕೈ ಹಾಳಾಗುತ್ತೆ ಅಣ್ಣ."

"ಕಲಿಯೋರಲ್ಲಿ ಮುಕ್ಕಾಲು ಜನ ಹೇಗೂ ಬಿಡ್ತಾರೆ."

ಅವಳು ಎರಡು ದಿನ ಮುಖ ಊದಿಸಿಕೊಂಡು ಕೂತಳು. ಮೇಲೆ ಮನೆಯಲ್ಲಿ ಅತ್ತಿಗೆ ತಟ್ಟೆಯನ್ನು ಕುಕ್ಕಿ ಇಡತೊಡಗಿದಳು. ಯಾರನ್ನೂ ಹೆಸರು ಹಿಡಿದು ಅನ್ನದೆ, "ಕೆಲವರಿಗೆ ಕೂತಲ್ಲೇ ಎಲ್ಲಾ ಸಿಗುತ್ತೆ, ಅದಕ್ಕೇ ನೀತಿ ನಿಯಮ ಎಲ್ಲಾ ನೆನಪಾಗುತ್ತೆ," ಅಂತ ಗೋಡೆಗೆ ಹೇಳಿದಳು. ಮೂರನೆಯ ದಿನ ಕಿವಿಯಕ್ಕ ಮೂಳೆಯ ಚೂರುಗಳನ್ನು ಕತ್ತರಿಸಿ ಗುಡ್ಡೆ ಹಾಕಿಕೊಂಡು, ಒಂದೊಂದೇ ಗಿಟಾರನ್ನು ಇಳಿಸಿ ತಂತಿ ಎತ್ತಿ ಕಟ್ಟಿದಳು. ಅಂಗಡಿಯಲ್ಲಿ ಜಿರ್ ಅನ್ನುವ ಸದ್ದೇ ಇಲ್ಲವಾಯಿತು. ಮಾಲು ಬಿಸಿ ಬನ್ನಿನ ಹಾಗೆ ಖರ್ಚಾಗತೊಡಗಿತು.

ಗುಂಡಿ ಬಂದದ್ದು ಆಗ. ಒಗೆದು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕೂದಲು ಬಾಚಿಕೊಂಡು, ಮದುವೆಮನೆಗೆ ಬಂದವಳ ಹಾಗೆ ಅಂಗಡಿಯ ನಡುವೆ ನಿಂತಳು.

"ಕಿವೀ, ನಗಬೇಡ. ನಂಗೊಂದು ಗಿಟಾರ್ ಬೇಕು."

"ನಿನಗಾ?"

"ನಂಗೇ. ಅಮ್ಮ ಹೋದಮೇಲೆ ಸಾಯಂಕಾಲ ಆದ್ರೆ ಏನು ಮಾಡೋದು ಗೊತ್ತಾಗಲ್ಲ ಕಣೇ. ಕೈ ಸುಮ್ನಿರಲ್ಲ, ಬೇಡದೆ ಇರೋದನ್ನೆಲ್ಲ ಬಿಚ್ಚಿ ಮತ್ತೆ ಹೊಲೀತೀನಿ. ಚಿಕ್ಕೋಳಿದ್ದಾಗ ಹಾಡ್ತಿದ್ದೆನಲ್ಲ. ನನ್ನ ಹಾಡಿಗೆ ನಾನೇ ನುಡಿಸಿಕೊಳ್ಳೋವಷ್ಟು ಬಂದ್ರೆ ಸಾಕು. ನಂಗೇನೂ ಗೊತ್ತಾಗಲ್ಲ, ನೀನೇ ಆರಿಸಿಕೊಡು."

ಗಲ್ಲಾದಿಂದ ಅಣ್ಣ ಬಾಯಿ ತುಂಬ ನಕ್ಕ. "ಕಿವಿಯಕ್ಕ ಆರಿಸಿಕೊಟ್ಟಿದ್ದು ಅಂದಮೇಲೆ ಕಣ್ಣು ಮುಚ್ಚಿಕೊಂಡು ತಗೊಂಡು ಹೋಗಮ್ಮ!"

ಹಳೆಯ ಮಾಲು ಒಂದೂ ಉಳಿದಿರಲಿಲ್ಲ. "ಈಗ ಬೇಡ, ಮುಂದಿನ ಲೋಡು ಬರಲಿ," ಅಂತ ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಬಾಯಿಯವರೆಗೂ ಬಂತು. ಅಣ್ಣ ಅಲ್ಲೇ ಇದ್ದ. ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಮತ್ತೆ, ಅವಳ ಮನಸ್ಸಿನ ಇನ್ನೊಂದು ಮೂಲೆಯಲ್ಲಿ, ಅವಳೇ ಆಮೇಲೆ ಬಹಳ ಸಲ ಕೆದಕಿ ನೋಡಿದ ಮೂಲೆಯಲ್ಲಿ, ಸಣ್ಣದೊಂದು ಉರಿ ಎದ್ದಿತ್ತು: ಕಂಠವೂ ಇವಳಿಗೇ, ಇನ್ನು ಕೈಯೂ ಇವಳಿಗೇ ಬರಬೇಕಾ?

ಇದ್ದುದರಲ್ಲಿ ಕಡಿಮೆ ತಿರುಚಿದ್ದನ್ನು ಹುಡುಕಿ ಕೊಟ್ಟಳು. ಹಾಗೆ ಹುಡುಕಿದ್ದೇ ದೊಡ್ಡ ಉಪಕಾರ ಅಂತ ಆ ದಿನ ಸಮಾಧಾನ ಮಾಡಿಕೊಂಡಳು.

ಸೇತುವೆಯ ಹತ್ತಿರ ಒಬ್ಬ ಮೇಷ್ಟ್ರು ಸಂಜೆ ಹೊತ್ತು ಪಾಠ ಹೇಳುತ್ತಿದ್ದ. ಗುಂಡಿ ಅಲ್ಲಿಗೆ ಸೇರಿದಳು. ಮಕ್ಕಳ ನಡುವೆ ಕೂತು ಕಲಿಯಬೇಕು, ನಾಚಿಕೆಯಾಗುತ್ತೆ ಅಂತ ನಗುತ್ತಾ ಹೇಳಿದಳು. ಆಮೇಲಾಮೇಲೆ ನಗು ಕಡಿಮೆಯಾಯಿತು. ಕಿವಿಯಕ್ಕ ಹೋದಾಗ ಗುಂಡಿ ಎಡಗೈ ಬೆರಳುಗಳನ್ನು ಚಾಚಿ ತೋರಿಸಿದಳು. ಸೂಜಿ ಚುಚ್ಚಿಸಿಕೊಂಡು ಗಟ್ಟಿಯಾದ ಬೆರಳುಗಳೇ. ಅದರ ತುದಿ ಒಡೆದು, ಗೆರೆ ಗೆರೆ ಕೆಂಪಗಾಗಿತ್ತು.

"ಎಲ್ಲಾರ್ಗೂ ಹೀಗೇನಾ ಕಿವಿ? ಮೇಷ್ಟ್ರು ಎರಡೇ ಬೆರಳಲ್ಲಿ ಒತ್ತು ಅಂತಾರೆ, ನಾನು ಭುಜದಿಂದ ಒತ್ತಿದರೂ ತಂತಿ ಕೂರಲ್ಲ. ಗಿಟಾರಲ್ಲೇ ಏನಾದ್ರೂ ಇರಬಹುದಾ?"

ಬಾಗಿಲು ತೆರೆದ ಹಾಗಿತ್ತು. ಒಳಗೆ ಹೋಗುವುದೊಂದೇ ಬಾಕಿ. ಕಿವಿಯಕ್ಕ ಮೇಜಿನ ಮೇಲಿದ್ದ ದಾರದ ಉಂಡೆ ಎತ್ತಿಕೊಂಡು ಅದನ್ನೇ ನೋಡುತ್ತಾ ಹೇಳಿದಳು: "ಶುರುವಿನಲ್ಲಿ ಎಲ್ಲಾರ್ಗೂ ಹೀಗೇ. ಬೆರಳು ಜಡ್ಡುಗಟ್ಟಬೇಕು. ಬಿಡದೆ ಸಾಧನೆ ಮಾಡು."

"ನೀನು ಹೇಳಿದ್ಮೇಲೆ ಆಯ್ತು," ಅಂದಳು ಗುಂಡಿ.

ಬಿಡದೆ ಮಾಡಿದಳು ಕೂಡ. ಬೆರಳಿಗೆ ಪಟ್ಟಿ ಸುತ್ತಿಕೊಂಡು ಮಾಡಿದಳು. ಮಿಷನ್ನಿನ ಮುಂದೆ ಬಟ್ಟೆ ಹಿಡಿಯಲಾಗದೆ ಗಿರಾಕಿಗಳಿಗೆ ತಡವಾಗಿ, ಬೈಸಿಕೊಂಡಳು. ಪಕ್ಕದಲ್ಲಿ ಕೂತ ಮಕ್ಕಳು ಮುಂದಿನ ಪಾಠಕ್ಕೆ ಹೋದರು. ಇವಳಿನ್ನೂ ಮೊದಲನೆಯ ಹಾಡಿನಲ್ಲೇ ಇದ್ದಳು. ಒಂದು ದಿನ ಮೇಷ್ಟ್ರು, ಒಳ್ಳೆಯವನೇ ಪಾಪ, "ವಯಸ್ಸಾದ ಮೇಲೆ ಬೆರಳು ಬಗ್ಗೋದು ಕಷ್ಟ," ಅಂದ. ಅವನಾದರೂ ಗಿಟಾರನ್ನು ಕೈಗೆ ತೆಗೆದುಕೊಂಡು ನೋಡಬಹುದಿತ್ತು. ಕಿವಿಯಕ್ಕ ಆರಿಸಿದ್ದು ಅಂತ ಗುಂಡಿಯೇ ಹೇಳಿದ್ದಳಲ್ಲ, ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ಗುಂಡಿ ಗಿಟಾರನ್ನು ಅಂಗಡಿಗೆ ವಾಪಸ್ ತಂದಳು. "ಯಾರಿಗಾದ್ರೂ ಕೊಟ್ಟುಬಿಡಿ. ಮನೇಲಿದ್ರೆ ಕಣ್ಣಿಗೆ ಬೀಳುತ್ತೆ." ಆಮೇಲೆ ಹಿಂದಿನ ರೂಮಿನ ಬಾಗಿಲಿಗೆ ಒರಗಿ ನಿಂತು, ತಮಾಷೆ ಮಾಡಲು ನೋಡಿದಳು. "ನಿಮ್ಮಪ್ಪ ನಂಗೆ ಕಂಠ ಇದೆ ಅಂದಿದ್ರು. ಕೈ ಇಲ್ಲ ಅಂತ ಹೇಳೋದು ಮರೆತಿದ್ರು ನೋಡು. ನಿಂಗೂ ಇಲ್ಲ, ನಂಗೂ ಇಲ್ಲ. ಬಿಡು, ಜೋಡಿ ಆಯ್ತು." ನಕ್ಕಳು. ಕಣ್ಣು ನಗಲಿಲ್ಲ.

ಅವಳು ಹೋದ ಮೇಲೆ ಅಣ್ಣ ಗಿಟಾರನ್ನು ಬಟ್ಟೆಯಿಂದ ಒರೆಸಿದ. ತಂತಿಯ ಮೇಲೆ ಒಣಗಿದ್ದ ರಕ್ತದ ಕಲೆ ಹೋಗಲಿಲ್ಲ. "ತಂತಿ ಮಾತ್ರ ಬದಲಾಯಿಸು," ಅಂದು, ಹೊಸ ಮಾಲಿನ ಸಾಲಿನಲ್ಲೇ ನೇತುಹಾಕಿದ.

ಕಿವಿಯಕ್ಕ ಅದನ್ನು ಸಾಲಿನಿಂದ ಇಳಿಸಿ ಬೆಂಚಿಗೆ ತಂದಳು. ಅಷ್ಟು ತಿಂಗಳಲ್ಲಿ ಮರ ಹೊರಳಾಡಿ ದಣಿದು ಒಂದು ಕಡೆ ನಿಂತಿತ್ತು. ಅವಳು ಪಟ್ಟಿಗಳನ್ನೆಲ್ಲ ಬಿಸಿ ಮಾಡಿ, ಹಲಗೆ ಸಿಬಿರೇಳದ ಹಾಗೆ ಒಂದೊಂದಾಗಿ ಕಿತ್ತಳು. ಹಲಗೆಯನ್ನು ತಿರುಚು ಹೋಗುವ ತನಕ ಹೆರೆದಳು, ಉಜ್ಜಿದಳು. ಹೊಸ ಪಟ್ಟಿ ಬಡಿದು, ಅದರ ತಲೆಗಳನ್ನು ಅರದಿಂದ ಮಟ್ಟ ಮಾಡಿ ದುಂಡಗೆ ತಿದ್ದಿದಳು. ಕಟ್ಟೆಯ ಅಡಿಯಿಂದ ತಾನೇ ತುರುಕಿದ ಚೂರನ್ನು ತೆಗೆದು ಕಸದ ಬುಟ್ಟಿಗೆ ಎಸೆದಳು. ಅಣ್ಣ ಬಂದು ಬಂದು ನೋಡಿದ.

"ಇದೊಂದಕ್ಕೇ ಇಷ್ಟು ದಿನಾನಾ?"

"ಇನ್ನು ಮೇಲೆ ನಾನು ತಂತಿ ಎತ್ತಿ ಕಟ್ಟಲ್ಲ."

ಜಗಳವಾಗುತ್ತದೆ ಅಂತ ಅವಳು ಎದೆ ಗಟ್ಟಿ ಮಾಡಿಕೊಂಡಿದ್ದಳು. ಅಣ್ಣ ಭುಜ ಕುಣಿಸಿದ. "ಕಟ್ಟಬೇಡ ಬಿಡು. ಅಡಿಗೆ ಚೂರು ತುರುಕೋಕೆ ಕಿವಿ ಯಾಕೆ ಬೇಕು? ನಾನೇ ಮಾಡ್ತೀನಿ." ಹಾಗೆ ಹೇಳಿ, ಹಳೆಯದೊಂದು ಪ್ಲಾಸ್ಟಿಕ್ ಕಾರ್ಡನ್ನು ಕತ್ತರಿಯಿಂದ ತುಂಡು ಮಾಡಿ, ಅವಳ ಎದುರಿಗೇ ಒಂದು ಗಿಟಾರಿಗೆ ತುರುಕಿ ಮೀಟಿ ತೋರಿಸಿದ. ಜಿರ್ ಅನ್ನಲಿಲ್ಲ.

ಗುಂಡಿಯ ಅಂಗಡಿಗೆ ಅವಳು ಗಿಟಾರು ಹೊತ್ತುಕೊಂಡು ಹೋದದ್ದು ಮಧ್ಯಾಹ್ನ. ಪರದೆ ಸರಿಸಿತ್ತು, ಹಿಂದಿನ ಮಂಚ ಖಾಲಿ ಇತ್ತು. "ಒಂದು ಸಲ ನುಡಿಸಿ ನೋಡು," ಅಂದಳು.

"ಅಯ್ಯೋ, ಅದರ ಸಹವಾಸ ಸಾಕು ಕಣೇ."

"ಒಂದೇ ಸಲ."

ಗುಂಡಿ ಒಲ್ಲದ ಮನಸ್ಸಿನಿಂದ ತೊಡೆಯ ಮೇಲಿಟ್ಟುಕೊಂಡಳು. ಅಭ್ಯಾಸಬಲದಿಂದ ಭುಜ ಬಿಗಿದು ಒತ್ತಿದಳು. ಬೆರಳು ಮುಟ್ಟಿದ್ದೇ ತಡ ತಂತಿ ಕೆಳಗೆ ಕೂತಿತು. ಬೆಚ್ಚಿ ಕೈ ತೆಗೆದಳು. ಮತ್ತೆ ಇಟ್ಟಳು. ಅಷ್ಟು ತಿಂಗಳು ಹೆಣಗಾಡಿದ್ದ ಅದೇ ಮೊದಲನೆಯ ಹಾಡು, ತಡವರಿಸುತ್ತಾ ಶುರುವಾದದ್ದು ಎರಡನೆಯ ಸಾಲಿಗೆ ತಾನಾಗಿ ನಡೆಯತೊಡಗಿತು. ಅವಳ ಬಾಯಿ ಅರಿವಿಲ್ಲದೆ ತೆರೆದು ಹಾಡು ಸೇರಿಕೊಂಡಿತು. ಅಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಸಣ್ಣ ಅಂಗಡಿ ತುಂಬಿಹೋಯಿತು.

ನಡುವೆಯೇ ಗುಂಡಿ ನಿಲ್ಲಿಸಿದಳು. ಅಂಗೈಯನ್ನು ತಂತಿಗಳ ಮೇಲಿಟ್ಟು ಸದ್ದು ಅಡಗಿಸಿದಳು.

"ಏನು ಮಾಡ್ದೆ ಇದಕ್ಕೆ?"

ಕಿವಿಯಕ್ಕ ಹೇಳಿದಳು. ಹಸಿ ಮರ, ತಿರುಚಿದ ಕತ್ತು, ಅಡಿಗೆ ಇಟ್ಟ ಚೂರು. ಏನನ್ನೂ ಬಿಡಲಿಲ್ಲ.

"ಆರಿಸಿ ಕೊಟ್ಟಾಗ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಬೆರಳು ತೋರಿಸಿದಾಗ?"

ಕಿವಿಯಕ್ಕ ಹೌದೆಂದು ತಲೆ ಆಡಿಸಿದಳು.

ಗುಂಡಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಗಿಟಾರನ್ನು ಮಗುವನ್ನು ಮಲಗಿಸುವ ಹಾಗೆ ನಿಧಾನ ಮೇಜಿನ ಮೇಲೆ ಮಲಗಿಸಿದಳು. "ಬೆರಳು ನೋವು ದೊಡ್ಡದಲ್ಲ ಕಣೇ. ನಾನು ದಿನಾ ಇಲ್ಲಿ ಕೂತು ನನ್ನನ್ನೇ ಬೈಕೊಂಡೆ. ನೀನು ಯಾವುದಕ್ಕೂ ಲಾಯಕ್ಕಲ್ಲ, ಹೆಣಗಾಡಿದ್ದು ಸಾಕು, ಮಿಷನ್ ತುಳಿ ಅಂತ. ಬೈಕೊಂಡು ಬೈಕೊಂಡು ನಂಬಿಬಿಟ್ಟೆ. ಆ ಹೊತ್ತಲ್ಲೆಲ್ಲ ನಿಂಗೆ ಗೊತ್ತಿತ್ತು."

"ಈಗ ಸರಿಯಾಗಿದೆಯಲ್ಲ. ನಿಂಗೆ ಕೈ ಇದೆ. ಈಗಲೇ ನೋಡಿದೆಯಲ್ಲ."

"ನೋಡಿದೆ." ಗುಂಡಿ ಮಿಷನ್ನಿನ ಮುಂದೆ ಹೋಗಿ ಕೂತಳು, ಅರ್ಧ ಹೊಲಿದಿದ್ದ ತೋಳನ್ನು ಸೂಜಿಯ ಕೆಳಗೆ ಸರಿಸಿದಳು. "ತಗೊಂಡು ಹೋಗು ಅದನ್ನ. ಅದು ಕಂಡಾಗೆಲ್ಲ ನಂಗೆ ನೀನು ದಾರದ ಉಂಡೆ ನೋಡಿಕೊಂಡು ಮಾತಾಡಿದ್ದು ಕಾಣುತ್ತೆ." ಮಿಷನ್ನು ತುಳಿಯತೊಡಗಿದಳು. ಆ ಸದ್ದಿನಲ್ಲಿ ಇನ್ನು ಮಾತು ಕೇಳುವ ಹಾಗಿರಲಿಲ್ಲ.

ಅದಾದ ಮೇಲೆ ಕಿವಿಯಕ್ಕ ಅಣ್ಣನ ಅಂಗಡಿಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಯಾರೂ ಹೋಗು ಅನ್ನಲಿಲ್ಲ. ಬೆಂಚಿಗೆ ಕೆಲಸ ಬರುವುದು ನಿಂತಿತು, ಅಷ್ಟೆ. ಬೆಂಚಿನ ಮೇಲೆ ಅತ್ತಿಗೆ ಖಾಲಿ ಪೆಟ್ಟಿಗೆಗಳನ್ನು ಜೋಡಿಸತೊಡಗಿದಳು. ಕಿವಿಯಕ್ಕ ಅಪ್ಪನ ಅರ, ಉಳಿ, ಕೀಲಿಗಳನ್ನು ಚೀಲಕ್ಕೆ ತುಂಬಿಕೊಂಡು, ಸೈಕಲ್ ರಿಪೇರಿ ಅಂಗಡಿಯ ಹಿಂದೆ ಒಂದು ಕೋಣೆ ಹಿಡಿದಳು. ಅಲ್ಲಿಗೆ ಆಗೊಬ್ಬ ಈಗೊಬ್ಬ ಬರುತ್ತಾನೆ. ಈಗ ಅವಳು ಯಾರಿಗೂ ಏನನ್ನೂ ಮುಚ್ಚುವುದಿಲ್ಲ. "ಇದು ಹಸಿ ಮರ, ಇದರ ಆಸೆ ಬಿಡಿ," ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ಆಸೆಯಿಂದ ಕೊಂಡ ಹೊಸ ಗಿಟಾರಿನ ಬಗ್ಗೆ ಹಾಗೆ ಕೇಳಿಸಿಕೊಳ್ಳಲು ಯಾರಿಗೆ ಬೇಕು? ಬಂದವರು ಮೂಗು ಮುರಿದು, ನೇರ ಅಣ್ಣನ ಅಂಗಡಿಗೆ ಹೋಗುತ್ತಾರೆ. ಅವನು ನಗುನಗುತ್ತಾ ಒಂದು ಚೂರು ತುರುಕಿ ಕಳಿಸುತ್ತಾನೆ. ಅವನ ವ್ಯಾಪಾರ ಮೊದಲಿಗಿಂತ ಚೆನ್ನಾಗಿದೆ.

ಗುಂಡಿಯ ಗಿಟಾರನ್ನು ಅವಳು ಮಾರಿದಳು. ಕೊಂಡವನು ಹೊರ ಊರಿನವನು, ಎರಡು ಸಲ ಮೀಟಿ, "ಪರವಾಗಿಲ್ಲ," ಅಂದು ಕಟ್ಟಿಸಿಕೊಂಡು ಹೋದ.

ಹೋದ ತಿಂಗಳು ಸೇತುವೆಯ ಮೇಲೆ ಗುಂಡಿ ಎದುರಾದಳು. ತಪ್ಪಿಸಿಕೊಳ್ಳಲು ಇಬ್ಬರಿಗೂ ದಾರಿಯಿರಲಿಲ್ಲ. ಗುಂಡಿಯ ಕಂಕುಳಲ್ಲಿ ಬಟ್ಟೆಯ ಗಂಟಿತ್ತು, ಸ್ವಲ್ಪ ಬಡವಾಗಿದ್ದಳು. ನಿಂತಳು. ಕೋಪವೇನೂ ಕಾಣಲಿಲ್ಲ ಮುಖದಲ್ಲಿ. ಗಿರಾಕಿಗಳನ್ನು ಕಂಡಾಗ ನಗುವಷ್ಟೇ ನಕ್ಕಳು.

"ಚೆನ್ನಾಗಿದ್ದೀರಾ?" ಅಂದಳು.

ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಿಂದ ಅವಳ ಬಾಯಲ್ಲಿ ಕಿವಿ, ಕಣೇ, ಹೋಗೇ, ಬಾರೇ ಬಿಟ್ಟು ಇನ್ನೊಂದು ಬಂದದ್ದಿಲ್ಲ. ಕಿವಿಯಕ್ಕ "ಹೂಂ, ಚೆನ್ನಾಗಿದ್ದೀನಿ," ಅಂದಳು. ತಿರುಗಿ ಕೇಳಬೇಕಿತ್ತು. ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯದೆ, ಕೇಳದೇ ನಿಂತಳು. ಗುಂಡಿ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ಬರ್ತೀನಿ ಅಂತಲೂ ಅನ್ನದೆ, ಮುಂದಕ್ಕೆ ನಡೆದಳು.